60 ಹರ್ಟ್ಸ್ ಅಣ್ಣಾ

ಗುಜರಿಗೆ ಬರುವ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಬಹಳಷ್ಟು ಕೆಟ್ಟೇ ಇರುವುದಿಲ್ಲ. ಮತ್ತಿಕೆರೆಯ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷ ಕೂತ ಮೇಲೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಬ್ಯಾಗ್ ತುಂಬಿರುತ್ತದೆ, ಯಾರೂ ತೆಗೆದು ನೋಡಿರುವುದಿಲ್ಲ. ಪೈಪಿನಲ್ಲಿ ಮಗುವಿನ ಕಾಲುಚೀಲ ಸಿಕ್ಕಿಕೊಂಡಿರುತ್ತದೆ. ಇಲ್ಲವೇ ಹೊಸ ಫ್ಲ್ಯಾಟಿನಲ್ಲಿ ಇಂಟೀರಿಯರ್ ಕೆಲಸ ಮುಗಿದ ದಿನ ಪಿಒಪಿ ಪುಡಿಯನ್ನೆಲ್ಲ ಅದರಿಂದಲೇ ಎಳೆಸಿರುತ್ತಾರೆ. ಫಿಲ್ಟರ್ ಮೇಲೆ ಸುಣ್ಣ ಬಳಿದ ಹಾಗೆ ಪದರ ಕೂತುಬಿಡುತ್ತದೆ. ಗಾಳಿ ಆಡುವುದಿಲ್ಲ, ಮೋಟರ್ ಬಿಸಿಯಾಗುತ್ತದೆ, ಥರ್ಮಲ್ ಕಟ್ ಆಗಿ ತಾನೇ ನಿಂತುಬಿಡುತ್ತದೆ. ‘ಸುಟ್ಟು ಹೋಯ್ತು ಬಿಡು’ ಅಂತ ಮನೆಯವರು ಎಸೆಯುತ್ತಾರೆ. ಫಿಲ್ಟರ್ ಕೊಡವಿ ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟಿದ್ದರೆ ಸಾಕಿತ್ತು.

ಗುಜರಿಯವನಿಗೆ ಕಾಣುವುದು ಒಳಗಿನ ತಾಮ್ರ. ತೂಕದ ಮೇಲೆ ಮಾತಾಡುತ್ತಾನೆ. ತಿಂಗಳ ಕೊನೆಯಲ್ಲಿ ಔಟರ್ ರಿಂಗ್ ರೋಡ್ ಕಡೆ ಬಾಡಿಗೆಯವರು ಫ್ಲ್ಯಾಟ್ ಖಾಲಿ ಮಾಡಿದಾಗ ಒಳ್ಳೊಳ್ಳೆ ಪೀಸ್ ಬೀಳುತ್ತವೆ. 250 ರೂಪಾಯಿಗೆ ತಂದದ್ದಕ್ಕೆ ಎಸ್.ಪಿ. ರೋಡ್ ಮಾರ್ಕೆಟ್ಟಿನ ಒಂದು ಜೊತೆ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡುಗಳು), ಎರಡು 608 ಬೇರಿಂಗ್ ಹಾಕಿ ಒರೆಸಿಟ್ಟರೆ 2,000ಕ್ಕೆ ಹೋಗುತ್ತದೆ. ನಮ್ಮ ಓನರ್‌ಗೆ ಈ ಲೆಕ್ಕದ ರುಚಿ ಹತ್ತಿದ್ದು ನಾಲ್ಕು ವರ್ಷದ ಹಿಂದೆ. ಆಮೇಲೆ ಮಿಕ್ಸಿ, ಗ್ರೈಂಡರ್ ರಿಪೇರಿಯೆಲ್ಲ ಅವರಿಗೆ ಸಪ್ಪೆ.

ನನಗೂ ಒಂದು ಜಂಬ ಬಂದಿತ್ತು. ಬಿಚ್ಚದೆ, ಸದ್ದು ಕೇಳಿಯೇ ರೋಗ ಹೇಳುತ್ತಿದ್ದೆ. ಗರಗರ ಅಂದರೆ ಬೇರಿಂಗ್. ಚಿಟಿಚಿಟಿ ಅಂದರೆ ಕಾರ್ಬನ್ ಮುಗಿದಿದೆ. ಸ್ವರ ಮೇಲೇರಿ ಕೂಗಿದರೆ ಪೈಪ್ ಬ್ಲಾಕ್, ಯಾಕಂದರೆ ಗಾಳಿ ಬರದಿದ್ದರೆ ಫ್ಯಾನಿಗೆ ಭಾರವೇ ಇಲ್ಲ, ಮೋಟರ್ ಇನ್ನೂ ಜೋರಾಗಿ ಓಡುತ್ತದೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗುತ್ತಿತ್ತು. ಈಗ ಹೇಳಹೊರಟಿರುವುದು ಹತ್ತನೆಯದರ ಕಥೆ.

ಒಂದು ಭಾನುವಾರ ಓನರ್ ತಾವೇ ಸಂಡೇ ಬಜಾರ್‌ಗೆ ಹೋಗಿ ಒಂದು ಅಪ್‌ರೈಟ್ ತಂದರು. 600 ರೂಪಾಯಿ ಕೊಟ್ಟು. ನಮ್ಮ ಕಡೆ ಅಂಥದ್ದು ಕಾಣುವುದೇ ಅಪರೂಪ. ಉದ್ದ ಹಿಡಿ, ಕೆಳಗೆ ಬೆಲ್ಟಿನಲ್ಲಿ ತಿರುಗುವ ಬ್ರಷ್ ರೋಲ್, ಹಿಡಿಗೆ ನೇತುಹಾಕಿದ ಬಟ್ಟೆ ಬ್ಯಾಗ್. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವ ಊರಿನವರಿಗೆ ಮಾಡಿದ್ದು. ನಮ್ಮ ಮೊಸಾಯಿಕ್ ನೆಲದ ಮೇಲೆ ಓಡಿಸಿದರೆ ಕಸ ಎಳೆಯುವುದಕ್ಕಿಂತ ಎರಚುವುದೇ ಜಾಸ್ತಿ. ‘ಇಂಪೋರ್ಟೆಡ್ ಕಣ್ರೀ, ಬಾಡಿ ನೋಡಿ’ ಅಂತ ಓನರ್ ಅದರ ಬೆನ್ನು ಸವರಿದರು.

ಬುಧವಾರ ಬೆಳಿಗ್ಗೆ ಬಿಚ್ಚಿದೆ. ಬೇರಿಂಗ್ ಗಟ್ಟಿ, ಕಾರ್ಬನ್ ಉಜ್ಜುವ ಕಮ್ಯುಟೇಟರ್ ನುಣುಪು, ಇನ್ಸುಲೇಶನ್ ನೋಡುವ ಮೆಗ್ಗರ್ ಓಕೆ. ಕಾರ್ಬನ್ ಮಾತ್ರ ಸವೆದಿತ್ತು. ಹೊಸದು ಹಾಕಿ, ಕಾರ್ಬನ್ ಕೂರಲಿ ಅಂತ 200 ವ್ಯಾಟ್ ಬಲ್ಬಿನ ಸೀರೀಸ್‌ನಲ್ಲಿ, ಅಂದರೆ ಬಲ್ಬನ್ನು ದಾಟಿಯೇ ಮೋಟರ್‌ಗೆ ಕರೆಂಟ್ ಬರುವ ಹಾಗೆ, ಬಿಟ್ಟೆ. ಬಲ್ಬ್ ಜೋರಾಗಿ ಉರಿಯಿತು, ಮೋಟರ್ ಮೆಲ್ಲಗೆ ತಿರುಗಿತು. ಅಲ್ಲೇ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಖುಷಿ.

ಆಗ ನಮ್ಮ ಹುಡುಗ ತಳ ಒರೆಸುತ್ತಿದ್ದ. ಹಿರಿಯೂರಿನವನು, ಐಟಿಐ ಮುಗಿಸಿ ಬಂದು ಎರಡು ತಿಂಗಳಾಗಿತ್ತು. ರೇಟಿಂಗ್ ಬರೆದ ಪ್ಲೇಟಿನ ಅರ್ಧ ಭಾಗದ ಮೇಲೆ ಯಾರೋ ಅಂಟಿಸಿದ್ದ ಟೇಪ್ ಕರಗಿ ಕರ್ರಗೆ ಗಮ್ ಆಗಿತ್ತು. ಉಳಿದರ್ಧ ಓದಿದ.

‘ಅಣ್ಣಾ, ಇದ್ರಲ್ಲಿ 60 ಹರ್ಟ್ಸ್ ಅಂತಿದೆ. ನಮ್ದು 50 ಅಲ್ವಾ?’

‘ಯೂನಿವರ್ಸಲ್ ಮೋಟರ್ ಕಣೋ. ಎಸಿ, ಡಿಸಿ ಎರಡರಲ್ಲೂ ಓಡುತ್ತೆ. ಅದಕ್ಕೆ ಯಾವ ಹರ್ಟ್ಸ್ ಆದ್ರೇನು? ಓದೋದು ಬಿಟ್ಟು ಸ್ಕ್ರೂ ಹಾಕು.’

ನಾನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಹರ್ಟ್ಸ್‌ನಿಂದ ಮೋಟರ್‌ಗೆ ಏನೂ ಆಗುವುದಿಲ್ಲ ಅಂತ ಗೊತ್ತಿದ್ದವನಿಗೆ, 60 ಹರ್ಟ್ಸ್ ಇರುವ ಊರಿನಲ್ಲಿ ವೋಲ್ಟೇಜ್ ಎಷ್ಟು ಅನ್ನುವ ಪ್ರಶ್ನೆ ಹೊಳೆಯಲಿಲ್ಲ. ವೈರಿನ ತುದಿಯಲ್ಲಿ ನಮ್ಮದೇ ಮೂರು ಪಿನ್ನಿನ ಟಾಪ್, ಅಂದರೆ ಪ್ಲಗ್, ಇತ್ತು ನೋಡಿ. ಚಪ್ಪಟೆ ಪಿನ್ ಇದ್ದಿದ್ದರೆ ಕುರುಡನಿಗೂ ಗೊತ್ತಾಗುತ್ತಿತ್ತು. ಯಾರೋ ಪುಣ್ಯಾತ್ಮ ಮೊದಲೇ ಕತ್ತರಿಸಿ ಬದಲಾಯಿಸಿದ್ದ.

ಡೈರೆಕ್ಟ್ ಲೈನಿಗೆ ಹಾಕಿ ನೋಡೋಣ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಹನ್ನೊಂದೂವರೆಗೆ ಓನರ್ ಫೋನ್: ‘ಯಶವಂತಪುರದ ಮೇಡಂ ಹೊರಟಿದ್ದಾರೆ, ಡೆಮೊ ಕೊಡಿ, 4,500 ಹೇಳಿದ್ದೀನಿ.’ ಬ್ಯಾಗ್ ಇನ್ನೂ ಒಗೆದಿಲ್ಲ ಸಾರ್ ಅಂದೆ. ‘ಆಮೇಲೆ ಒಗೆದು ಡೆಲಿವರಿ ಮಾಡಿದ್ರಾಯ್ತು’ ಅಂದರು. ಮೇಡಂ ಆಟೋ ಇಳಿಯುವುದಕ್ಕೂ ಕರೆಂಟ್ ಬರುವುದಕ್ಕೂ ಸರಿಹೋಯಿತು. ದೇವರೇ ಟೈಮಿಂಗ್ ಮಾಡಿಕೊಟ್ಟ ಅಂದುಕೊಂಡೆ.

ಅವರು ಮನೆಯಿಂದ ಒಂದು ಸಣ್ಣ ಕಾರ್ಪೆಟ್ ಸುತ್ತಿಕೊಂಡು ತಂದಿದ್ದರು. ಬೆಂಚಿನ ಮುಂದೆ ಹಾಸಿದೆವು. ಪ್ಲಗ್ ಹಾಕಿ ಸ್ವಿಚ್ ಒತ್ತಿದೆ.

ಅಬ್ಬಾ ಆ ಸದ್ದು. ಸರ್ರನೆ ಏರಿತು, ನಿಲ್ಲದೆ ಏರಿತು. ನನ್ನ ಕಿವಿ, ಹನ್ನೊಂದು ವರ್ಷದ ಕಿವಿ, ಹೇಳಿದ್ದೇನು ಗೊತ್ತಾ? ಹೆಲ್ದಿ ಮೋಟರ್. ‘ಕೇಳಿ ಮೇಡಂ, ಎಂಥಾ ಪಿಕಪ್!’ ಅಂತ ಕೂಗಿಯೇ ಹೇಳಬೇಕಾಯಿತು. ಕಾರ್ಪೆಟ್ ಮುಂದಿನಿಂದ ಒಳಗೆ ಸುತ್ತಿಕೊಳ್ಳಲು ಶುರುವಾಯಿತು. ಹುಡುಗ ಅದರ ತುದಿ ತುಳಿದು ನಿಂತ. ಹತ್ತು ಸೆಕೆಂಡಿಗೆ ಒಂದು ವಾಸನೆ.

‘ಏನಪ್ಪಾ, ಸುಟ್ಟ ವಾಸನೆ?’

‘ಹಳೇ ಬೆಲ್ಟ್ ಮೇಡಂ. ಶುರುವಿನಲ್ಲಿ ಹಾಗೇ, ಆಮೇಲೆ ಹೋಗುತ್ತೆ.’

ಇನ್ನೊಂದು ಹತ್ತು ಸೆಕೆಂಡ್. ಹಿಡಿಯಲ್ಲಿ ನಡುಕ. ಬಟ್ಟೆ ಬ್ಯಾಗ್ ಪೂರಿ ಹಾಗೆ ಉಬ್ಬಿತ್ತು. ಅದು ಮೋಟರ್ ತಂತಿಯ ವಾರ್ನಿಶ್ ಸುಡುವ ವಾಸನೆ ಅಂತ ಮೂಗಿಗೆ ಗೊತ್ತಾಗಿತ್ತು, ಬಾಯಿ ಇನ್ನೂ ಬೆಲ್ಟ್ ಬೆಲ್ಟ್ ಅನ್ನುತ್ತಿತ್ತು. ಕೈ ಸ್ವಿಚ್ಚಿನ ಮೇಲೇ ಇತ್ತು, ಒತ್ತಲಿಲ್ಲ. ಗಿರಾಕಿ ಎದುರು ಆಫ್ ಮಾಡಿದರೆ 4,500 ಹೋಯಿತಲ್ಲ. ಆಗ ಹುಡುಗ ಬಗ್ಗಿ ಗಾಳಿಕಿಂಡಿಯಿಂದ ನೋಡಿದ. ‘ಅಣ್ಣಾ, ಒಳಗೆ ಬೆಂಕಿ ಸುತ್ತುತ್ತಾ ಇದೆ!’ ಕಮ್ಯುಟೇಟರ್ ಸುತ್ತ ನೀಲಿ ಬಳೆ. ನಾನೂ ನೋಡಿದೆ. ಅಷ್ಟರಲ್ಲಿ ಢಬ್ ಅಂತ ಬ್ಯಾಗಿನ ಕ್ಲಿಪ್ ಹಾರಿತು, ಹಿಂದೆಯೇ ಎಂಸಿಬಿ ಬಿತ್ತು.

ಕತ್ತಲೆ. ಮೌನ. ಪಕ್ಕದ ಟೈಲರ್ ಅಂಗಡಿಯದೂ ಅದೇ ಲೈನ್. ಅವರ ಮಿಷನ್ ನಿಂತು, ಗೋಡೆಯಾಚೆಯಿಂದ ‘ಮತ್ತೆ ನಿಮ್ದೇನಾ?’ ಅಂತ ಕೇಳಿಸಿತು. ಹೊಗೆ ಸರಿದ ಮೇಲೆ ಮೇಡಂ ಕಂಡರು. ಯಾವುದೋ ದೇಶದ, ಯಾರದೋ ಮನೆಯ ವರ್ಷಗಟ್ಟಲೆ ಧೂಳು ಅವರ ಸೀರೆಯ ಮೇಲಿತ್ತು. ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ. ‘ಪೊರಕೆಗೆ ಇಷ್ಟೆಲ್ಲಾ ರಗಳೆ ಇಲ್ಲ ನೋಡಪ್ಪ’ ಅಂದು ಕಾರ್ಪೆಟ್ ಸುತ್ತಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಥಿನ್ನರ್ ಹಾಕಿ ಆ ಗಮ್ ಕೆರೆದೆ. 120 ವೋಲ್ಟ್, 12 ಆಂಪ್ಸ್. ಹತ್ತಿರ ಹತ್ತಿರ ದುಪ್ಪಟ್ಟು ವೋಲ್ಟೇಜ್ ಕೊಟ್ಟಿದ್ದೆ. ಥಿನ್ನರ್ ಬೆಂಚಿನ ಮೇಲೇ ಇತ್ತು, ಬೆಳಿಗ್ಗೆಯೂ. ಎರಡು ನಿಮಿಷದ ಕೆಲಸ.

ಸೀರೀಸ್ ಬೋರ್ಡ್ ಅಂದರೆ ಸರ್ವರೋಗಕ್ಕೂ ಮದ್ದು ಅಂತ ನಂಬಿದ್ದೆ. ಅದು ಶಾರ್ಟ್ ಇದೆಯಾ ಅಂತ ಹೇಳುತ್ತದೆ. ಮೋಟರ್ ಯಾವ ಊರಿನದು ಅಂತ ಹೇಳುವುದಿಲ್ಲ. ಅಲ್ಲಿ ಬಲ್ಬೇ ಬಹುಪಾಲು ವೋಲ್ಟೇಜ್ ತಿಂದುಹಾಕುತ್ತದೆ, 120ರ ಮೋಟರ್‌ಗೂ ಏನೂ ಆಗುವುದಿಲ್ಲ.

ಓನರ್ 600 ರೂಪಾಯಿಯನ್ನು ನನ್ನ ಸಂಬಳದಲ್ಲಿ ಹಿಡಿದರು. ತಂದವರು ಯಾರು ಅಂತ ನಾನು ಕೇಳಲಿಲ್ಲ. ಮಾರನೇ ವಾರ ಹೊಸ ಜಾಬ್ ಕಾರ್ಡ್ ಬಂತು, ಮೊಬೈಲಿನಲ್ಲಿ ತುಂಬುವಂಥದ್ದು. ಹದಿನಾಲ್ಕು ಕಾಲಂ. ಗಿರಾಕಿಯ ಹುಟ್ಟಿದ ದಿನಕ್ಕೂ ಜಾಗ ಇದೆ, ವೋಲ್ಟೇಜ್‌ಗೆ ಇಲ್ಲ. ಆ ಅಪ್‌ರೈಟ್ ಇನ್ನೂ ಮೂಲೆಯಲ್ಲೇ ನಿಂತಿದೆ. ಮೋಟರ್ ತಂತಿ ಹೊಸದಾಗಿ ಸುತ್ತುವ ರೀವೈಂಡಿಂಗ್‌ನವನು ಹೇಳಿದ ರೇಟಿಗೆ ಹೊಸ ಮಿಷನ್ನೇ ಬರುತ್ತದೆ. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಹಾಕಿ ಮಾರೋಣವಾ ಅಂತ ಓನರ್ ಒಮ್ಮೆ ಕೇಳಿದರು. 1,440 ವ್ಯಾಟಿಗೆ 2 ಕೆವಿಎ ಟ್ರಾನ್ಸ್‌ಫಾರ್ಮರ್ ಬೇಕು ಸಾರ್, ಮನೆ ಗುಡಿಸುವಾಗ ಅದನ್ನು ಹೊರಲು ಇನ್ನೊಬ್ಬ ಆಳು ಬೇಕು ಅಂದೆ. ಮೋಟರ್ ಸುಟ್ಟಿದೆ ಅನ್ನುವುದು ಅವರಿಗೆ ಮರೆತೇ ಹೋಗಿತ್ತು.

ಈಗ ಹುಡುಗ ಪ್ರತಿಯೊಂದರ ಪ್ಲೇಟನ್ನೂ ಗಟ್ಟಿಯಾಗಿ ಓದುತ್ತಾನೆ. ಲೋಕಲ್ ಮಿಕ್ಸಿ ಬಂದರೂ ಬಿಡುವುದಿಲ್ಲ. ಟೈಲರ್ ಅಂಗಡಿಗೂ ಕೇಳಿಸುವ ಹಾಗೆ. ‘230 ವೋಲ್ಟ್, 50 ಹರ್ಟ್ಸ್ ಅಣ್ಣಾ!’ ನಾನು ‘ಸರಿ’ ಅನ್ನುವ ತನಕ ಸ್ಕ್ರೂ ಡ್ರೈವರ್ ಕೊಡುವುದಿಲ್ಲ. ಬೇಕಂತಲೇ ಮಾಡುತ್ತಾನೆ ಅಂತ ಗೊತ್ತು.

ಮೊನ್ನೆ ಬಿಡದಿ ಕಡೆ ಕೆಲಸಕ್ಕಿದ್ದ ಜಪಾನಿನವರು ಬಿಟ್ಟುಹೋದದ್ದು ಅಂತ ಒಂದು ಪುಟ್ಟ ಕ್ಯಾನಿಸ್ಟರ್ ಬಂತು. ಟಾಪ್ ಮೂರು ಪಿನ್ನಿನದೇ. ಹುಡುಗ ಟೀ ತರಲು ಹೋಗಿದ್ದ. ತಳ ತಿರುಗಿಸಿ ನಾನೇ ನೋಡಿದೆ: 50/60 ಹರ್ಟ್ಸ್. ಸರಿಯಾಗೇ ಇದೆಯಲ್ಲ ಅಂತ ಪ್ಲಗ್ ಎತ್ತಿಕೊಂಡೆ. ಅವನು ಟೀ ಲೋಟ ಹಿಡಿದು ಒಳಗೆ ಬಂದ, ಭುಜದ ಮೇಲಿಂದ ಬಗ್ಗಿದ.

‘100 ವೋಲ್ಟ್, ಅಣ್ಣಾ.’