ಮಳೆಗಾಲದಲ್ಲಿ ವಿರಾಟಪರ್ವ

ಮಹಾಭಾರತದ ವಿರಾಟಪರ್ವ ಓದಿದರೆ ಮಳೆ ಬರುತ್ತೆ ಅಂತ ನಂಬಿಕೆ. ಮಳೆ ಕೈಕೊಟ್ಟ ವರ್ಷ ಎಷ್ಟೋ ಊರಲ್ಲಿ ಓದಿಸ್ತಾರೆ. ನಾವೋ, ತೀರ್ಥಹಳ್ಳಿಯಲ್ಲಿ ಕೂತು ಈ ಆಷಾಢದಲ್ಲಿ ಓದ್ತಿದೀವಿ! "ಸಾಕು ನಿಲ್ಸಿ ಮಾರಾಯ್ರೆ, ಗದ್ದೆ ಅಂಚೆಲ್ಲ ಒಡೆದುಹೋಯ್ತು" ಅಂತ ನಮ್ಮ ಓದಿನ ಗುಂಪಿನಲ್ಲಿ ಕೊಪ್ಪದ ಭಾವನ ಮೆಸೇಜು.

ಕುಮಾರವ್ಯಾಸನ ಭಾರತ, ಹತ್ತೂ ಪರ್ವ, ರಾತ್ರಿ ಊಟ ಆದ್ಮೇಲೆ ಫೋನಿನಲ್ಲಿ. ಒಬ್ಬರು ಓದೋದು, ಉಳಿದವರು ಮೈಕ್ ಮುಚ್ಕೊಂಡು ಕೇಳೋದು. ಒಬ್ಬಳೇ ಕಣ್ಣಲ್ಲಿ ಓದುವಾಗ ಕಬ್ಬಿಣದ ಕಡಲೆ ಅನ್ನಿಸಿದ ಪದ್ಯವನ್ನ ಹೊಸಹಳ್ಳಿಯ ಅತ್ತೆ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆಯಲ್ಲಿ ಬಿಡಿಸಿ ಹೇಳಿದ್ರೆ ಅರ್ಧ ಅರ್ಥ ತಾನೇ ಬಿಟ್ಕೊಳ್ಳುತ್ತೆ. ಗಮಕದ, ಅಂದ್ರೆ ಕಾವ್ಯವನ್ನ ರಾಗವಾಗಿ ಓದೋ ಕಲೆಯ, ಊರಿನವರು, ಕೇಳ್ಬೇಕಾ! ಪಾಠಾಂತರದ (ಪ್ರತಿಯಿಂದ ಪ್ರತಿಗೆ ಪದ ಬೇರೆಯಾಗೋದರ) ಜಗಳ ತೆಗೆಯೋರನ್ನ ಮಾತ್ರ ಮ್ಯೂಟ್ ಮಾಡಿದೀನಿ.

ನಿನ್ನೆ ಉತ್ತರಕುಮಾರನ ಸರದಿ. 'ಉತ್ತರನ ಪೌರುಷ ಒಲೆ ಮುಂದೆ' ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಆದ್ರೆ ಹೆಂಗಸರ ಮುಂದೆ ಜಂಬ ಕೊಚ್ಚಿದವನು ಕೌರವರ ಸೇನೆ ಕಂಡದ್ದೇ ರಥದಿಂದ ಹಾರಿ ಓಡ್ತಾನಲ್ಲ, ಬೃಹನ್ನಳೆ (ವೇಷ ಮರೆಸಿಕೊಂಡ ಅರ್ಜುನ) ಅಟ್ಟಿಸಿಕೊಂಡು ಹೋಗ್ತಾಳಲ್ಲ, ಅಲ್ಲಿ ಎಲ್ಲರ ಮೈಕೂ ತೆರೆದುಕೊಂಡ್ವು. ನಕ್ಕೂ ನಕ್ಕೂ ಸಾಕಾಯ್ತು.

ಆಮೇಲೆ ಯಾಕೋ ಪಾಪ ಅನ್ನಿಸ್ತು. ಎದುರಿಗೆ ಭೀಷ್ಮ, ದ್ರೋಣ, ಕರ್ಣ ನಿಂತಿರುವಾಗ ಓಡದೆ ಇನ್ನೇನು ಮಾಡ್ಬೇಕಿತ್ತು ಆ ಹುಡುಗ? ಅತ್ತೆ ಒಪ್ಪಲಿಲ್ಲ. ಇವತ್ತು ರಾತ್ರಿ ಮತ್ತೆ ವಾದ ಇದೆ, ನೆಟ್‌ವರ್ಕ್ ಇದ್ದರೆ.