ತುಮಕೂರಿನಲ್ಲಿ ಒಂದು ದಿನ: ಬೆಳಗ್ಗೆ ಅಮಾನಿಕೆರೆ, ಸಂಜೆ ಬಸ್ ಸ್ಟ್ಯಾಂಡ್

ತುಮಕೂರಿಗೆ ಹೋದವರು ಸಿದ್ಧಗಂಗೆಯಲ್ಲಿ ಕೈಮುಗಿದು, ದೇವರಾಯನದುರ್ಗ ಹತ್ತಿ, ನಾಮದ ಚಿಲುಮೆ ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಊರೊಳಗೆ ಕಾಲಿಡುವುದೇ ಇಲ್ಲ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ಈ ಸಲ ಎರಡೇ ಜಾಗ ಇಟ್ಟುಕೊಂಡೆ. ಅಮಾನಿಕೆರೆ ಪಾರ್ಕ್, ಆಮೇಲೆ ಕೆ.ಎಸ್.ಆರ್.ಟಿ.ಸಿ. ಬಸ್ ಸ್ಟ್ಯಾಂಡ್. ಎರಡೂ ಕಡೆ ಸುಮ್ನೆ ಕೂತೆ. ನೀವೂ ಹೀಗೊಂದು ದಿನ ಇಟ್ಟುಕೊಳ್ಳಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಸುಮಾರು 70 ಕಿ.ಮೀ. ಆದರೂ ಬೆಳಗ್ಗೆ ಹೊರಟರಾಯಿತು ಅಂದುಕೊಳ್ಳಬೇಡಿ. ಹಿಂದೊಮ್ಮೆ ನಾನು ಹಾಗೆ ಹೊರಟು ಪೀಣ್ಯದ ಟ್ರಾಫಿಕ್‌ನಲ್ಲೇ ಮುಕ್ಕಾಲು ಗಂಟೆ ಕಳೆದಿದ್ದೆ. ಪಾರ್ಕ್ ಮುಟ್ಟುವ ಹೊತ್ತಿಗೆ ವಾಕಿಂಗ್ ಮಂದಿ ಮನೆ ಸೇರಿಯಾಗಿತ್ತು. ಹಿಂದಿನ ರಾತ್ರಿ ರೈಲಲ್ಲಿ ಬಂದು ಬಿ.ಎಚ್. ರೋಡಿನ ಆಸುಪಾಸು ಉಳಿದುಕೊಳ್ಳಿ. ಬಿ.ಎಚ್. ಅಂದರೆ ಬೆಂಗಳೂರು-ಹೊನ್ನಾವರ. ಊರಿನವರ ಬಾಯಲ್ಲಿ ಎಲ್ಲ ದಾರಿಯೂ ಅಲ್ಲಿಂದಲೇ ಶುರು.

ಪಾರ್ಕಿಗೆ ಬೆಳಕು ಹರಿಯುತ್ತಲೇ ಹೋಗಿ. ನೀರಿನ ಕಡೆ ಮುಖ ಮಾಡಿ ಕೂರಬೇಡಿ, ನಡೆಯುವ ದಾರಿ ಕಾಣುವ ಹಾಗೆ ಕೂರಿ. ಕೊಕ್ಕರೆ ಎಲ್ಲ ಕೆರೆಯಲ್ಲೂ ಸಿಗುತ್ತದೆ, ಅಲ್ವಾ? ನಾನು ಕೂತಿದ್ದ ಬೆಂಚಿನ ಪಕ್ಕ ನಾಲ್ಕು ಜನ ಹಿರಿಯರು ಒಂದೇ ಪೇಪರನ್ನು ಹಾಳೆ ಹಾಳೆ ಬಿಡಿಸಿ ಹಂಚಿಕೊಂಡು ಓದುತ್ತಿದ್ದರು. ಕೊಬ್ಬರಿ ರೇಟು ಇದ್ದ ಹಾಳೆ ಮಾತ್ರ ನಾಲ್ವರ ಕೈಯಲ್ಲೂ ಎರಡೆರಡು ಸಲ ಓಡಾಡಿತು. ತಿಪಟೂರಿನ ಜಿಲ್ಲೆಯಲ್ಲಿ ಅದು ಸಹಜ. ಬಿಸಿಲೇರಿದ ಮೇಲೆ ಅಲ್ಲಿ ಕೂರಬೇಡಿ. ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಿ, ರೂಮಿನಲ್ಲಿ ಸ್ವಲ್ಪ ಮಲಗಿ.

ಬಸ್ ಸ್ಟ್ಯಾಂಡಿಗೆ ಸಂಜೆ ನಾಲ್ಕೂವರೆಯ ಮೇಲೆ ಹೋಗಿ. ಜಿಲ್ಲೆಯ ಹತ್ತು ತಾಲ್ಲೂಕೂ ಇಲ್ಲಿ ಬೋರ್ಡುಗಳಲ್ಲೇ ಕಾಣುತ್ತವೆ. ಗುಬ್ಬಿ, ಶಿರಾ, ಕುಣಿಗಲ್, ತುರುವೇಕೆರೆ. ಕಾಲೇಜು ಹುಡುಗಿಯರು ಕೊರಟಗೆರೆ ಬಸ್ಸಿನ ಕಿಟಕಿಯಿಂದ ಬ್ಯಾಗ್ ಎಸೆದು ಸೀಟು ಹಿಡಿಯುತ್ತಾರೆ. ಪಾವಗಡದ ಬಸ್ಸಿನ ಹತ್ತಿರ ಹೋದರೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವುದು ಕೇಳಿಸುತ್ತದೆ. ಬಹುಪಾಲು ಆಂಧ್ರವೇ ಸುತ್ತುವರಿದ ತಾಲ್ಲೂಕು ಅದು. ಊರು ತಲುಪುವಷ್ಟರಲ್ಲಿ ರಾತ್ರಿ ಆಗುತ್ತದೆ ಅಂತ ಅಲ್ಲಿನವರು ಬುತ್ತಿಯನ್ನೂ ಕಟ್ಟಿಸಿಕೊಂಡಿರುತ್ತಾರೆ.

ನನಗೆ ತುಂಬ ಹಿಡಿಸಿದ್ದು ಹೂವಿನ ಅಜ್ಜಿ. ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಮೊಳ. ಅಜ್ಜಿಯ ಕೈ ಗಿಡ್ಡ. ಅದು ಅವರಿಗೂ ಗೊತ್ತು. ಪ್ರತಿ ಮೊಳಕ್ಕೂ ಒಂದು ಗೇಣು ಕೊಸರು ಸೇರಿಸಿಯೇ ದಾರ ಕತ್ತರಿಸುತ್ತಿದ್ದರು. ಕೇಳಿದ್ದಕ್ಕೆ, 'ಕೈ ನಂದು ಚಿಕ್ಕದು, ಅವರದ್ದೇನು ತಪ್ಪು?' ಅಂದರು. ಬಸ್ ಹತ್ತುವ ಹೆಂಗಸರು ಒಂದು ಕೈಯಲ್ಲಿ ಆ ಹೂವು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ಆಧಾರ್ ಹಿಡಿದಿದ್ದರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಶೂನ್ಯ ಟಿಕೆಟ್. ನೀವು ಹೆಣ್ಣುಮಕ್ಕಳಾಗಿದ್ದರೆ ಗುರುತಿನ ಚೀಟಿ ಮರೆಯಬೇಡಿ. ಖಾಸಗಿ ಬಸ್ಸಿಗೆ ಇದು ನಡೆಯಲ್ಲ.

ಒಂದು ವಿನಂತಿ. ಯಾರ ಫೋಟೋವನ್ನೂ ಕೇಳದೆ ತೆಗೆಯಬೇಡಿ. ದುಡಿದು ದಣಿದು ಮನೆಗೆ ಹೊರಟವರು ಅವರು. ಬೆಂಚು ತುಂಬಿದರೆ ನೀವೇ ಎದ್ದು ಜಾಗ ಕೊಡಿ, ಕಾಯಬೇಕಾದವರು ಅವರು ತಾನೇ? ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಯ ಜನ ಜಾಸ್ತಿ, ಆಗ ಕೂರಲು ಜಾಗ ಸಿಗುವುದು ಕಷ್ಟ.

ವಾಪಸ್ ಹೋಗಲು ಅವಸರ ಬೇಡ. ಬೆಂಗಳೂರಿಗೆ ರಾತ್ರಿಯೂ ಬಸ್ ಇದೆ. ಪಾವಗಡದ ಬಸ್ ಹೊರಡುವವರೆಗಾದರೂ ಕೂತಿರಿ.