ನಮ್ಮ ಮನೆಯ ತೊಲೆ ಎಲ್ಲಿಯ ಮಳೆ ಕುಡಿದಿತ್ತು?

ಹೊಳಲ್ಕೆರೆ ಕಡೆಯ ನಮ್ಮ ತೊಟ್ಟಿಮನೆ ಹೋದ ಬೇಸಿಗೆಯಲ್ಲಿ ನೆಲಕ್ಕಿಳಿಯಿತು. ತೊಲೆಗಳು ಸಾಮಿಲ್‌ಗೆ ಹೋಗುವ ಮುಂಚೆ ಒಂದೊಂದರ ತುದಿಯಿಂದ ನಾಲ್ಕು ಬೆರಳು ದಪ್ಪದ ಬಿಲ್ಲೆ ಕೊಯ್ಸಿಟ್ಟುಕೊಂಡೆ. ಐದು ತೇಗದ ತೊಲೆ, ಐದು ಬಿಲ್ಲೆ. "ಧಾತು ಈಶ್ವರದ ಬರ ಕಳೆದ ಮೇಲೆ ಕಟ್ಟಿದ ಮನೆ" ಎನ್ನುತ್ತಿದ್ದಳು ಅಜ್ಜಿ. 1876–78ರ ಬರ ಅದು. ಅದರ ಗುರುತು ಮರದೊಳಗೆ ಇದ್ದೀತೇ ಎಂಬ ಆಸೆ ನನಗೆ.

ಎಮರಿ ಪೇಪರ್ ಹಿಡಿದು ಮೂರು ದಿನ ತಿಕ್ಕಿದೆ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಮತ್ತೆ ಬೆಳೆಯಲು ಶುರುಮಾಡಿದಾಗ ಮೊದಲು ಹಾಕುವುದು ದೊಡ್ಡ ರಂಧ್ರಗಳ ಒಂದು ಸಾಲು. ಅಲ್ಲಿಂದ ಹೊಸ ಉಂಗುರ: ವರ್ಷಕ್ಕೊಂದು, ಮಳೆ ಕಮ್ಮಿಯಾದ ವರ್ಷ ಸಣ್ಣದು. ನಯವಾದ ಬಿಲ್ಲೆಯಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ಅಟ್ಟದ ಮಾವಿನ ಹಲಗೆಯಲ್ಲೂ ಹುಡುಕಿದೆ, ಏನೂ ಸಿಗಲಿಲ್ಲ.

ಅತಿ ದೊಡ್ಡ ಬಿಲ್ಲೆಯಲ್ಲಿ 94 ಉಂಗುರ. ಆದರೆ ಎಣಿಸಿದ ಮಾತ್ರಕ್ಕೆ ಇಸವಿ ಸಿಗುವುದಿಲ್ಲ. ಅಮೆರಿಕದ ಖಗೋಳ ವಿಜ್ಞಾನಿ ಎ. ಇ. ಡಗ್ಲಾಸ್ ಮಾಡಿದ್ದು ಅಗಲ-ಸಣ್ಣ ಉಂಗುರಗಳ ಸಾಲನ್ನು ಮರದಿಂದ ಮರಕ್ಕೆ ಹೊಂದಿಸುವ ಕೆಲಸ. 1929ರಲ್ಲಿ ಅರಿಝೋನಾದ ಶೋ ಲೋ ಎಂಬಲ್ಲಿ ಸಿಕ್ಕ ಒಂದು ಸುಟ್ಟ ತೊಲೆ, ಬದುಕಿದ್ದ ಮರಗಳ ಸಾಲನ್ನೂ ಪಾಳುಮನೆಗಳ ತೊಲೆಗಳ ಸಾಲನ್ನೂ ಬೆಸೆಯಿತು. ಆ ಮನೆಗಳಿಗೆಲ್ಲ ಇಸವಿ ಸಿಕ್ಕಿತು.

ನಾನೂ ಗ್ರಾಫ್ ಹಾಳೆಯಲ್ಲಿ ಉಂಗುರ ಸಣ್ಣದಾದಷ್ಟೂ ಉದ್ದದ ಗೀಟು ಎಳೆದೆ. ಮೂರು ಬಿಲ್ಲೆಗಳ ಹಾಳೆಗಳನ್ನು ಸರಿಸುತ್ತ ಹೋದಾಗ ಗೀಟುಗಳು ಒಂದರ ಕೆಳಗೊಂದು ಬಂದು ನಿಂತವು: ಸತತ ಮೂರು ಸಣ್ಣ ಉಂಗುರ, ಆಮೇಲೊಂದು ಅಗಲದ್ದು, ಐದು ವರ್ಷ ಬಿಟ್ಟು ಮತ್ತೆ ಸಣ್ಣದು. ಮೈ ಜುಂ ಎಂದಿತು. ಉಳಿದೆರಡು ಹೊಂದಲೇ ಇಲ್ಲ. ಬೇರೆ ಕಾಡಿನವೋ, ಇನ್ನೂ ಹಳೆಯ ಮನೆಯಿಂದ ಬಂದವೋ.

ಆ ಮೂರು ಸಣ್ಣ ಉಂಗುರಗಳನ್ನು ಧಾತು ಬರ ಎಂದುಬಿಡಲು ಮನಸ್ಸು ಎಳೆಯುತ್ತದೆ. ಎನ್ನಲಾರೆ. ಬಡಗಿ ಬಾಚಿಯಿಂದ ಕೆತ್ತುವಾಗ ಚೇಗಿನ ಹೊರಗಿನ ಬಿಳಿ ಭಾಗವೆಲ್ಲ ಹೋಗಿದೆ, ಜತೆಗೆ ಕೊನೆಯ ವರ್ಷಗಳೂ. ಅದೂ ಅಲ್ಲದೆ ಈ ತೇಗ ಮಲೆನಾಡಿನಿಂದ ಗಾಡಿಯಲ್ಲಿ ಬಂದದ್ದೆಂದು ಮನೆಯಲ್ಲಿ ಮಾತಿತ್ತು. ಹಾಗಿದ್ದರೆ ಇದು ಬರೆದಿಟ್ಟಿರುವುದು ನಮ್ಮ ಬಯಲುಸೀಮೆಯ ಮಳೆಯನ್ನಲ್ಲ. ಕೇರಳದ ತೇಗದಿಂದ ಪುಣೆಯ ವಿಜ್ಞಾನಿಗಳು 1481ರಿಂದ 2003ರವರೆಗೆ 523 ವರ್ಷಗಳ ಸಾಲು ಕಟ್ಟಿದ್ದಾರೆ. ಮಲೆನಾಡಿನ ತೇಗಕ್ಕೂ ಅಂಥದ್ದೊಂದು ಉದ್ದನೆಯ ಸಾಲು ಕೈಗೆ ಸಿಕ್ಕರೆ ನನ್ನ ಹಾಳೆಗಳನ್ನು ಅದರ ಕೆಳಗಿಟ್ಟು ನೋಡಬೇಕು.

ಮೊನ್ನೆ ಪಕ್ಕದ ಓಣಿಯಲ್ಲಿ ಇನ್ನೊಂದು ಮಾಡು ಇಳಿಸುತ್ತಿದ್ದರು. ಒಂದು ಜಂತೆಯ ಮಗ್ಗುಲಲ್ಲಿ ಅಂಗೈಯಗಲ ತೊಗಟೆ ಇನ್ನೂ ಅಂಟಿಕೊಂಡಿತ್ತು, ಎಂದರೆ ಕೊನೆಯ ಉಂಗುರವೂ ಉಳಿದಿದೆ. ಕೇಳಿ ಬಿಲ್ಲೆ ಕೊಯ್ಸಿಕೊಂಡು ಬಂದೆ. ತೊಗಟೆ ಕಳಚದಂತೆ ಬಟ್ಟೆ ಸುತ್ತಿಟ್ಟಿದ್ದೇನೆ, ಇವತ್ತು ರಾತ್ರಿ ತಿಕ್ಕಲು ಕೂರುತ್ತೇನೆ.